ಸಂಗವ್ವನ ನಾಲ್ಕು ಹೊತ್ತು

ಉಟಗಿಯ ಕುರುಬರ ಓಣಿಯಲ್ಲಿ ಆಗ ಯಾರ ಮನೆಯಲ್ಲೂ ಗಡಿಯಾರ ಇರಲಿಲ್ಲ. ಇದ್ದದ್ದು ಸಂಗವ್ವನ ಒಲೆ. ಅಡುಗೆಯ ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿಂದ ಹೊಗೆ ಎದ್ದರೆ, "ಸಂಗವ್ವ ನೀರ ಕಾಸಾಕ ಹತ್ಯಾಳ, ನಡುಮಧ್ಯಾಹ್ನ ಆತು ನೋಡ್ರಿ" ಎನ್ನುತ್ತ ನೆರೆಯ ಹೆಂಗಸರು ಕೆಲಸ ಬಿಟ್ಟು ಏಳುತ್ತಿದ್ದರು. ದಿನಕ್ಕೆ ನಾಲ್ಕು ಸಲ ಅವಳು ನೀರು ಕಾಯಿಸಬೇಕಿತ್ತು. ಎದ್ದ ಕೂಡಲೇ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚುವಾಗ ಒಮ್ಮೆ, ಮಲಗುವ ಮುನ್ನ ಇನ್ನೊಮ್ಮೆ. ಏಕೆಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವಷ್ಟು ಸೌಜನ್ಯ ಆ ಓಣಿಗೆ ಇತ್ತು ಎಂದರೆ ಮಾತ್ರ ಸುಳ್ಳಾಗುತ್ತದೆ.

ಮೂರು ವರ್ಷ ಅವಳಿಗೆ ರಕ್ತ ಬೀಳುವ ಭೇದಿಯಿತ್ತು. ಬೀರದೇವರ ಭಂಡಾರದ ಅರಿಸಿನ ಹಚ್ಚಿದ್ದಾಯಿತು, ಗಿಡಮೂಲಿಕೆ ಕುಡಿದದ್ದಾಯಿತು, ಜತ್ತ ಪೇಟೆಯ ದವಾಖಾನೆಯ ಗುಳಿಗೆ ನುಂಗಿದ್ದಾಯಿತು. ಮೈಯಲ್ಲಿ ಎಲುಬು ಚರ್ಮ ಎರಡೇ ಉಳಿದಾಗ, ಎಪ್ಪತ್ನಾಲ್ಕನೇ ಇಸವಿಯಲ್ಲಿ, ಮಿರಜದ ಒಂದು ದೊಡ್ಡ ದವಾಖಾನೆಗೆ ಒಯ್ದರು. ಪರದೇಶದಲ್ಲಿ ಕಲಿತು ಬಂದಿದ್ದ ಡಾಕ್ಟರರು ಕೆಟ್ಟುಹೋದ ದೊಡ್ಡ ಕರುಳನ್ನೇ ತೆಗೆದುಹಾಕಿದರು. ಸಣ್ಣ ಕರುಳಿನ ತುದಿಯನ್ನು ಮಡಿಚಿ ಹೊಲಿದು ಹೊಟ್ಟೆಯೊಳಗೇ ಒಂದು ಚೀಲ ಮಾಡಿ, ಅದರ ಬಾಯನ್ನು ಬಲಗಡೆ ಕಿಬ್ಬೊಟ್ಟೆಯ ಮೇಲೆ ತೆರೆದರು. ತಾನಾಗಿ ಏನೂ ಹೊರಬರದಂತೆ ಒಳಗೊಂದು ತಡೆ ಇಟ್ಟರು. ಹೊರಗೆ ಚೀಲ ಕಟ್ಟಿಕೊಳ್ಳುವ ಗೋಜಿಲ್ಲ. ಹೊತ್ತುಹೊತ್ತಿಗೆ ರಬ್ಬರಿನ ನಳಿಗೆ ತೂರಿಸಿ ಒಳಗಿನದನ್ನು ಬಸಿದುಕೊಂಡರೆ ಸಾಕು. ಆಮೇಲೆ ಬೆಚ್ಚಗಿನ ನೀರಿನಿಂದ ತೊಳೆದು, ಬಾಯಿಯ ಮೇಲೆ ಒಂದು ಶುದ್ಧ ಅರಿವೆ ಇಟ್ಟು, ಸೀರೆ ಉಟ್ಟರೆ ನೋಡಿದವರಿಗೆ ಏನೂ ತಿಳಿಯದು.

"ಇನ್ನ ಮ್ಯಾಲೆ ಇದು ನಿನ್ನ ಕೈಯಾಗಿನ ಕೆಲಸ" ಎಂದು ಹೇಳಿ ಕಲಿಸಿದವಳು ಅಲ್ಲಿಯ ನರ್ಸ್ ಚಂದ್ರಾಬಾಯಿ. ಜೊತೆಗೆ ಬೇಡವಾದ ತಿನಿಸುಗಳ ಹೆಸರುಗಳನ್ನೂ ಹೇಳಿದಳು. ಸೇಂಗಾ ಬೇಡ, ಹಸಿ ಕಡಲೆ ಬೇಡ, ಸಿಪ್ಪೆ ಇದ್ದದ್ದು ಯಾವುದೂ ಬೇಡ, ನಳಿಗೆಗೆ ಸಿಕ್ಕಿಕೊಳ್ಳುತ್ತದೆ; ಸಿಕ್ಕಿಕೊಂಡರೆ ಪಿಚಕಾರಿಯಿಂದ ಬೆಚ್ಚಗಿನ ನೀರು ಬಿಟ್ಟು ಸಡಿಲಿಸಬೇಕು. ಸೀತನಿ ಎಂಬ ಮಾತು ಬಂದಾಗ ಮಾತ್ರ ಸಂಗವ್ವ ಮುಖ ಆಚೆ ಮಾಡಿದಳು. ಹಾಲುಗಾಳಿನ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಉದುರಿಸಿದ ಆ ಬಿಸಿ ಕಾಳನ್ನು ಬಿಡು ಎಂದು ಆ ಸೀಮೆಯವರಿಗೆ ಹೇಳುವುದು ಸುಲಭದ ಮಾತಲ್ಲ.

ಆದರೆ ನಾಲಿಗೆಯ ಆಸೆ ದೊಡ್ಡದಲ್ಲ. ದೊಡ್ಡ ಆಸೆ ಬೇರೆ ಇತ್ತು. ದೀಪಾವಳಿ ಮುಗಿದ ಮೇಲೆ ಆ ಮನೆಯ ಕುರಿಹಿಂಡು ಮೂಡಣಕ್ಕೆ, ಭೀಮೆಯ ದಂಡೆಯ ಹೊಲಗಳಿಗೆ ಹೊರಡುತ್ತಿತ್ತು. ಒಬ್ಬರ ಹೊಲದಲ್ಲಿ ನಾಲ್ಕು ದಿನ ತರುಬಿ ಗೊಬ್ಬರ ಕೊಡುವುದು, ಕಾಳು ಪಡೆಯುವುದು, ಮುಂದಿನ ಹೊಲಕ್ಕೆ ನಡೆಯುವುದು. ಮದುವೆಯಾದ ಮೊದಲ ನಾಲ್ಕು ವರ್ಷ ಸಂಗವ್ವ ಗಂಡ ಶಿದ್ರಾಯನ ಹಿಂದೆ ಹಾಗೆ ನಡೆದಿದ್ದಳು. ಬಯಲಲ್ಲಿ ರೊಟ್ಟಿ ಬಡಿದಿದ್ದಳು, ಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಳ್ಳ ದಾಟಿದ್ದಳು. ಗಂಡ ಹೆಂಡತಿ ಜಗಳಾಡಲೂ ಮುನಿಸು ತಿಳಿಯಾಗಲೂ ಅಲ್ಲಿ ಜಾಗವಿತ್ತು. ಊರಿನ ಮನೆಯಲ್ಲಿ ಅದಕ್ಕೂ ಜಾಗವಿಲ್ಲ.

ಹೊರಡುವ ದಿನ ಮಾವ ಗೊಲ್ಲಾಳಪ್ಪ ಹೋಗುವವರೆಲ್ಲರ ಕಂಬಳಿಗಳನ್ನು ತಾನೇ ಕುದುರೆಯ ಮೇಲೆ ಹೇರುತ್ತಿದ್ದ. ಯಾರ ಕಂಬಳಿ ಗೂಟದಲ್ಲಿ ಉಳಿಯಿತೋ ಅವರು ಮನೆಯಲ್ಲಿ ಉಳಿದಂತೆ. ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಆಪರೇಶನ್ ಆಗಿ ಮೂರು ದೀಪಾವಳಿ ಕಳೆದರೂ ಸಂಗವ್ವನ ಕಂಬಳಿ ಗೂಟ ಬಿಡಲಿಲ್ಲ. ಎಪ್ಪತ್ತೇಳರಲ್ಲಿ ಅವಳು ರೂಢಿ ಮೀರಿ ಬಾಯಿ ಬಿಟ್ಟಳು.

"ಮಾವಾ, ನಾನೂ ಬರತೀನ್ರಿ. ಈಗ ಮೈ ತುಂಬೇತಿ. ಮೊನ್ನಿ ಸೊರಡಿ ಊರತನಕ ನಡದ ಹೋಗಿ ಬಂದೀನಿ. ನಡುವ ಗಿಡದ ಮರಿಗಿ ನಳಗಿ ಹಾಕ್ಕೊಂಡೀನಿ. ಏನೂ ಆಗ್ಲಿಲ್ಲ."

ಮುದುಕ ಕೆಟ್ಟವನಲ್ಲ. ಅವಳ ಕಂಬಳಿಯನ್ನು ನೇಯ್ದವನೂ ಅವನೇ. ಆದರೆ ತಲೆ ಅಲ್ಲಾಡಿಸಿದ. "ಯವ್ವಾ, ಅಡವ್ಯಾಗ ಅದು ಸಿಕ್ಕೊಂಡ್ರ ಯಾರು ಕೈ ಹಚ್ಚಾವ್ರು? ಇಲ್ಲಿ ನಿಮ್ಮ ಅತ್ತಿ ಅದಾಳ. ಅಲ್ಲಿ ಎಲ್ಲಾ ಗಂಡಸೂರು."

ಸಂಗವ್ವ ಗಂಡನ ಕಡೆ ನೋಡಿದಳು. ಶಿದ್ರಾಯ ಕುದುರೆಯ ಹಗ್ಗ ಬಿಗಿಯುತ್ತಿದ್ದ. ಬಿಗಿದ ಹಗ್ಗವನ್ನೇ ಮತ್ತೆ ಬಿಗಿದ. ಮೂರು ವರ್ಷದಿಂದ ಅವನದು ಇದೇ ಪಾಡು. ಮನೆಯಲ್ಲಿದ್ದಾಗಲೂ ಅವಳು ನೀರು ಕಾಯಲು ಇಟ್ಟ ಕೂಡಲೇ ಎದ್ದು ಅಂಗಳಕ್ಕೆ ಹೋಗಿ ಮುಗಿಲು ನೋಡುತ್ತಿದ್ದ. ಮಳೆಗಾಲವಲ್ಲದಾಗ ಮುಗಿಲಿನಲ್ಲಿ ಏನಿತ್ತೋ ಅವನೇ ಬಲ್ಲ. ಅಂಜಿಕೆ ಅದು, ಹೇಸಿಗೆಯಲ್ಲ. ಆದರೆ ಹೆಂಡತಿಗೆ ಎರಡಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಹಿಂಡು ಹೋಯಿತು. ಸಂಗವ್ವನ ನಾಲ್ಕು ಹೊತ್ತು ಉಳಿದವು. ಮುಂಜಾನೆ ನಳಿಗೆ ಹಾಕಿಕೊಂಡು ಕೂತಾಗ, ಈಗ ಕುರಿಹಟ್ಟಿಯ ಸುತ್ತಲಿನ ಬಲೆ ಬಿಚ್ಚಿರುತ್ತಾರೆ ಎಂದುಕೊಳ್ಳುವಳು. ಮಧ್ಯಾಹ್ನ, ಈಗ ಹಿಂಡು ನೀರಿಗೆ ಇಳಿದಿರಬೇಕು. ದೀಪ ಹಚ್ಚುವಾಗ, ಈಗ ಮರಿಗಳನ್ನು ತಾಯಂದಿರಿಗೆ ಬಿಡುತ್ತಾರೆ. ಕೊನೆಯ ಸಲ, ಈಗ ಅವನು ಕಂಬಳಿ ಹೊದ್ದು ಮಲಗಿರುತ್ತಾನೆ, ನನ್ನ ನೆನಪು ಬಂದಿದೆಯೋ ಇಲ್ಲವೋ. ನಳಿಗೆಯಿಂದ ಬಸಿಯಲು ಹತ್ತು ನಿಮಿಷ ಸಾಕಿತ್ತು. ಅವಳು ಅರ್ಧ ತಾಸು ಕೂಡುತ್ತಿದ್ದಳು.

"ಎಲ್ಲಿ ಅಡ್ಡಾಡಾಕ ಹೋಗಿದ್ದೀಯವಾ?" ಎಂದು ಅತ್ತೆ ಯಲ್ಲವ್ವ ಕೆಣಕುವಳು.

"ಕುರಿ ಕಾಯಾಕ ಹೋಗಿದ್ನಿರಿ, ಅತ್ತಿ."

ಸಂಕ್ರಾಂತಿಯ ಹಿಂದಿನ ವಾರ ಶಿದ್ರಾಯ ಹಿಟ್ಟು ಉಪ್ಪು ಒಯ್ಯಲು ಎರಡು ದಿನದ ಹಾದಿ ನಡೆದು ಬಂದ. ಬರುವಾಗ ಕಂಬಳಿಯಲ್ಲಿ ಜೋಳದ ತೆನೆ ಸುತ್ತಿಕೊಂಡು ಬಂದಿದ್ದ. ಅಂಗಳದಲ್ಲಿ ಕುಳ್ಳು ಹಚ್ಚಿ, ತೆನೆ ಸುಟ್ಟು, ಅಂಗೈ ಕೆಂಪಾಗುವವರೆಗೆ ತಿಕ್ಕಿ, ಹೊಟ್ಟು ಊದಿ, ಒಂದು ಬೊಗಸೆ ಕಾಳನ್ನು ಅವಳ ಮುಂದೆ ಹಿಡಿದ. ಅವನಿಗೆ ಪಾಪ, ಬೇಡದ ತಿನಿಸುಗಳ ಹೆಸರು ಯಾರೂ ಹೇಳಿರಲಿಲ್ಲ. ಕೇಳುವ ಧೈರ್ಯವನ್ನು ಅವನೂ ಮಾಡಿರಲಿಲ್ಲ.

ಸಂಗವ್ವನಿಗೆ ಎಲ್ಲ ಗೊತ್ತಿತ್ತು. ಆದರೂ ತಿಂದಳು. ಆ ಬೊಗಸೆಯಲ್ಲಿ ಹೊಲದ ಹೊಗೆಯ ವಾಸನೆ ಇತ್ತು. ಒಂದು ಕಾಳನ್ನೂ ಬಿಡಲಿಲ್ಲ.

ಮರುದಿನ ಮಧ್ಯಾಹ್ನ ನಳಿಗೆ ಒಳಗೆ ಹೋಯಿತು, ಹೊರಗೆ ಏನೂ ಬರಲಿಲ್ಲ. ತೆಗೆದು ತೊಳೆದು ಮತ್ತೆ ಹಾಕಿದಳು. ಆಗಲೂ ಇಲ್ಲ. ಹೊಟ್ಟೆ ಬಿಗಿದು ಕಲ್ಲಾಗತೊಡಗಿತು, ಅಲೆ ಅಲೆಯಾಗಿ ನೋವು ಎದ್ದಿತು. ಜತ್ತಿಗೆ ಹೋಗುವ ಎಸ್‌ಟಿ ಬಸ್ಸು ಬೆಳಿಗ್ಗೆಯೇ ಹೋಗಿಯಾಗಿತ್ತು, ಇನ್ನು ಸಂಜೆಯದೇ. ಮಾಡಬೇಕಾದ್ದು ಏನೆಂದು ಅವಳಿಗೆ ತಿಳಿದಿತ್ತು, ಆದರೆ ಆ ನೋವಿನಲ್ಲಿ ಒಬ್ಬಳಿಂದಲೇ ಆಗುವಂತಿರಲಿಲ್ಲ.

"ಏನ್ರಿ... ಒಳಗ ಬರ್ರಿ."

ಅಂಗಳದಲ್ಲಿ ಮುಗಿಲು ನೋಡುತ್ತಿದ್ದ ಶಿದ್ರಾಯ ಬಾಗಿಲಿಗೆ ಬಂದು ನಿಂತ. "ಅವ್ವನ್ನ ಕರಕೊಂಡ ಬರ್ಲ್ಯಾ?"

"ಅತ್ತಿ ಹೊಲಕ್ಕ ಹೋಗ್ಯಾರ, ಅಲ್ಲೀತನಕ ತಡಿಯಾಂಗಿಲ್ಲ. ನೀವ ಬರ್ರಿ. ನನ್ನ ಒಬ್ಬಾಕಿ ಕೈಲೆ ಆಗಾಂಗಿಲ್ಲ."

ಅವನು ಬಂದ, ಮೊಣಕಾಲೂರಿ ಕೂತ, ಮೂರು ವರ್ಷದಲ್ಲಿ ಮೊದಲ ಸಲ ನೋಡಿದ. ಮಾಗಿದ ಬೋರೆಹಣ್ಣಿನಷ್ಟು ಕೆಂಪಾದ ಒಂದು ಪುಟ್ಟ ಬಾಯಿ. "ಇಷ್ಟ ಏನು?" ಎಂದ. ಇಷ್ಟಕ್ಕೆ ಅಂಜಿ ಅಷ್ಟು ದಿನ ಅಂಗಳದಲ್ಲಿ ಕಳೆದನಲ್ಲ ಎಂದು ಅವನಿಗೇ ನಾಚಿಕೆಯಾಯಿತು.

"ಪಿಚಕಾರಿಲೆ ಬೆಚ್ಚಗಿನ ನೀರ ಒಳಗ ಬಿಡ್ರಿ. ಸಾವಕಾಶ. ಜೋರ ಮಾಡಬ್ಯಾಡ್ರಿ."

ಅವನು ನೀರು ಬಿಟ್ಟ. ಮುಂದೆ ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹೊಟ್ಟೆಯುಬ್ಬರವಾದ ಕುರಿಗಳನ್ನು ಸಣ್ಣಂದಿನಿಂದ ನೀವಿ ಬದುಕಿಸಿದ ಕೈ ಅದು. ಎಲ್ಲಿ ಒತ್ತಬೇಕು, ಎಲ್ಲಿ ಬರೀ ಅಂಗೈ ಇಟ್ಟು ಕಾಯಬೇಕು ಎಂಬುದು ಆ ಕೈಗೆ ಗೊತ್ತಿತ್ತು. ಅವಳನ್ನು ಎಡಮಗ್ಗುಲಿಗೆ ಹೊರಳಿಸಿದ, ನೀವಿದ, ಕಾದ, ಮತ್ತೆ ನೀರು ಬಿಟ್ಟ. ಬಾಯಲ್ಲಿ ಕುರಿಗೆ ಆಡುವ ಮಾತುಗಳೇ ಬರುತ್ತಿದ್ದವು. "ಹೋ ನನ್ನವ್ವ, ಹೋ, ಆತು, ಈಗ ಆತು." ನೋವಿನ ನಡುವೆಯೂ ಸಂಗವ್ವನಿಗೆ ನಗು ಬಂತು. ಐದನೇ ಸಲ ನಳಿಗೆಯಲ್ಲಿ ಗಾಳಿ ಗುಳುಗುಳು ಎಂದಿತು, ಆಮೇಲೆ ಸೀತನಿಯ ಸಿಪ್ಪೆಯೆಲ್ಲ ಬಸಿದು ಬಂತು. ಹೊಟ್ಟೆ ಸಡಿಲಾಯಿತು.

"ನಾನ ತಂದ ತಿನಿಸಿದೆ" ಎಂದು ಶಿದ್ರಾಯ ಅತ್ತ.

"ನೀವು ತಂದ್ರಿ, ನಾ ತಿಂದೆ. ಗೊತ್ತಿದ್ದ ತಿಂದೆ. ಸುಮ್ನಿರ್ರಿ."

ಸಂಜೆ ಹೊಲದಿಂದ ಬಂದ ಯಲ್ಲವ್ವನಿಗೆ ಒಲೆಯ ಮುಂದೆ ನೀರು ಕಾಯಿಸುತ್ತ ಕೂತ ಮಗ ಕಂಡ. ಮೂರನೆಯ ದಿನ, ಸಂಗವ್ವನ ಮೈ ಹತೋಟಿಗೆ ಬಂದ ಮೇಲೆ, ಶಿದ್ರಾಯ ಅವಳ ಕಂಬಳಿಯನ್ನು ಗೂಟದಿಂದ ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡ. ಯಲ್ಲವ್ವ ನಳಿಗೆ, ಪಿಚಕಾರಿ, ಒಗೆದ ಅರಿವೆಗಳನ್ನು ಒಂದು ಡಬ್ಬಿಯಲ್ಲಿಟ್ಟು ಕೊಟ್ಟಳು. "ಸೀತನಿ ಕಂಡ್ರ ಇನ್ನ ಕಣ್ಣ ಮುಚ್ಚಕೋ" ಎಂದು ಗದರಿ, ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು.

ನಿಂತು ನಿಂತು ನಡೆದು ಮೂರು ದಿನಕ್ಕೆ ಹಟ್ಟಿ ಮುಟ್ಟಿದರು. ಸೊಸೆಯನ್ನು ಕಂಡ ಗೊಲ್ಲಾಳಪ್ಪ ಕೋಲೂರಿ ನಿಂತ. "ನಾ ಹೇಳಿದ್ದು ಮರತೇನೋ? ಇಲ್ಲಿ ಸಿಕ್ಕೊಂಡ್ರ ಯಾರು ಕೈ ಹಚ್ಚಾವ್ರು?"

"ನಾ ಹಚ್ಚೀನಿ, ಯಪ್ಪಾ" ಎಂದ ಶಿದ್ರಾಯ.

ಮುದುಕ ಮಗನ ಹೆಗಲ ಮೇಲಿದ್ದ ಕಂಬಳಿಯನ್ನು ತೆಗೆದುಕೊಂಡು ಹೋಗಿ ಕುದುರೆಯ ಹೇರಿನ ಮೇಲಿಟ್ಟ.

ಮರುದಿನ ಮಧ್ಯಾಹ್ನ ಜಾಲಿಗಿಡದ ಮರೆಗೆ ಅದೇ ಕಂಬಳಿ ಕಟ್ಟಿ, ಮೂರು ಕಲ್ಲಿನ ಒಲೆಯಲ್ಲಿ ಶಿದ್ರಾಯ ಕಾಯಿಸಿಕೊಟ್ಟ ನೀರು ಇಟ್ಟುಕೊಂಡು ಸಂಗವ್ವ ಕೂತಳು. ನಳಿಗೆ ಬಸಿಯತೊಡಗಿತು. ಈಗ ಹಿಂಡು ನೀರಿಗೆ ಇಳಿದಿರಬೇಕು ಎಂದು ಮನಸ್ಸು ಎಂದಿನಂತೆ ಹೊರಟಿತು. ಅವಳು ಕಂಬಳಿಯ ಅಂಚು ಸರಿಸಿ ನೋಡಿದಳು. ಹಿಂಡು ನೀರಿಗೆ ಇಳಿದಿತ್ತು.