ಮುಗಿಯದ ತಪಸ್ಸುಕಾಲ

ತಪಸ್ಸುಕಾಲದಲ್ಲಿ ನಮ್ಮ ಅಪ್ಪನಂಥ ಭಕ್ತ ಹೊನ್ನಾವರದ ಬಳಿಯ ನಮ್ಮ ಇಡೀ ಕಾಸರಕೋಡಿನಲ್ಲಿ ಇರಲಿಲ್ಲ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಇಗರ್ಜಿಯಿಂದ ಬಂದನೆಂದರೆ ಈಸ್ಟರ್ ಹಬ್ಬದವರೆಗೆ, ಆ ನಲವತ್ತು ದಿನ, ಸಾರಾಯಿ ಮುಟ್ಟುತ್ತಿರಲಿಲ್ಲ. ದೋಣಿಗಳ ಎಂಜಿನ್ ರಿಪೇರಿ ಮುಗಿಸಿ ಸಂಜೆ ನೇರ ಮನೆಗೆ ಬಂದು, ನಮ್ಮ ಜೊತೆ ಮಂಡಿಯೂರಿ ಜಪಮಾಲೆ ಹೇಳುತ್ತಿದ್ದ. ಕೇರಿಯ ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ ಬೈಯುತ್ತಿದ್ದರು. ಅಮ್ಮ ಮಾತ್ರ ಹಿಗ್ಗುತ್ತಿರಲಿಲ್ಲ. ಯಾಕೆಂದರೆ ಈಸ್ಟರ್ ಪೂಜೆ ಮುಗಿದ ಮಧ್ಯಾಹ್ನವೇ ಅಪ್ಪ ಬಾಕಿಯನ್ನೆಲ್ಲ ತೀರಿಸುವವನಂತೆ ಕುಡಿಯಲು ಕೂರುತ್ತಿದ್ದ. ಊರೆಲ್ಲ ಹಬ್ಬಕ್ಕೆ ಕಾಯುತ್ತಿದ್ದರೆ ನಾನೂ ತಂಗಿಯೂ ಅದು ಬರದಿರಲಿ ಎಂದು ಬೇಡುತ್ತಿದ್ದೆವು. ಇಂಥ ಬೇಡಿಕೆಯನ್ನು ದೇವರು ಎಲ್ಲಿ ಇಟ್ಟುಕೊಳ್ಳುತ್ತಾನೋ ನನಗೆ ತಿಳಿಯದು.

ಎಂಬತ್ತರ ದಶಕದ ಮೊದಲ ವರ್ಷಗಳು. ಕುಮಟಾದಲ್ಲಿ ಕಾಲೇಜು ಮುಗಿಸಿ ನಾನು ಮನೆಯಲ್ಲಿದ್ದೆ. ಆ ವರ್ಷ ಕ್ರಿಸ್ಮಸ್ ಕಳೆದ ಮೇಲೆ ಅಪ್ಪ ರಕ್ತ ಕಾರಿದ. ಕಣ್ಣು ಹಳದಿಯಾಗಿತ್ತು. ಹೊನ್ನಾವರದ ಡಾಕ್ಟರು ಅಮ್ಮನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಕುಡಿದರೆ ಇವರು ಉಳಿಯುವುದಿಲ್ಲ ಎಂದರು. ಅಪ್ಪನಿಗೂ ಅದನ್ನೇ ಹೇಳಿದರು. ಅಷ್ಟರಲ್ಲಿ ತಪಸ್ಸುಕಾಲ ಬಂತು, ಅಪ್ಪ ಎಂದಿನಂತೆ ಬಿಟ್ಟ. ಹಬ್ಬ ಹತ್ತಿರ ಬಂದ ಹಾಗೆ ಅಮ್ಮನ ಮಾತು ಕಡಿಮೆಯಾಯಿತು.

ಈಸ್ಟರ್ ಪೂಜೆ ಮುಗಿಸಿ ಮನೆಗೆ ಬಂದರೆ ಒಲೆಯ ಮೇಲೆ ಗಂಜಿ ಇತ್ತು. ತಪಸ್ಸುಕಾಲದಲ್ಲಿ ಮನೆಯ ಶಿಲುಬೆಗೆ ಹೊದಿಸುವ ನೇರಳೆ ಬಟ್ಟೆಯನ್ನು ಅಮ್ಮ ತೆಗೆದಿರಲಿಲ್ಲ.

“ಈ ಮನೆಯಲ್ಲಿ ತಪಸ್ಸುಕಾಲ ಇನ್ನೂ ಮುಗಿದಿಲ್ಲ,” ಎಂದಳು.

ಪಕ್ಕದ ಮನೆಗಳಿಂದ ಹಂದಿಮಾಂಸದ ಪರಿಮಳ ಬರುತ್ತಿತ್ತು. ನನಗೆ ಅಳುವಷ್ಟು ಸಿಟ್ಟು ಬಂತು. ಅಪ್ಪ ಬಟ್ಟೆಯನ್ನು ನೋಡಿದ, ಅಮ್ಮನನ್ನು ನೋಡಿದ, ಗಂಜಿ ಉಂಡ. ಆ ವಾರವಿಡೀ ಜಗಲಿಯಲ್ಲಿ ಜಪಮಾಲೆ ಹಿಡಿದು ಕೂತಿರುತ್ತಿದ್ದ. ಬೆರಳ ನಡುವೆ ಮಣಿಗಳು ಟಕಟಕ ಎನ್ನುತ್ತಿದ್ದವು. ಅವನು ಚಪ್ಪಲಿ ಹುಡುಕಿದರೂ ಸಾಕು, ನಮ್ಮ ಮೂವರ ಉಸಿರು ನಿಲ್ಲುತ್ತಿತ್ತು.

ಶುಕ್ರವಾರ ಪಾದ್ರಿಗಳು ಮನೆಗಳಿಗೆ ಪವಿತ್ರ ಜಲ ಚಿಮುಕಿಸುತ್ತ ನಮ್ಮಲ್ಲಿಗೂ ಬಂದರು. ಮುಚ್ಚಿದ ಶಿಲುಬೆ ಕಂಡು ನಿಂತುಬಿಟ್ಟರು. ಅಮ್ಮ ಮುಚ್ಚುಮರೆಯಿಲ್ಲದೆ ಕಾರಣ ಹೇಳಿದಳು.

“ನಲವತ್ತು ದಿನ ಬಿಡುವುದು ಇವರಿಗೆ ಬರುತ್ತದೆ,” ಎಂದರು ಪಾದ್ರಿಗಳು. “ಹಬ್ಬದ ದಿನ ಕುಡಿಯದೆ ಉಣ್ಣುವುದೇ ಬರುವುದಿಲ್ಲ. ಕಲಿಯಬೇಕಾದ್ದು ಅದನ್ನು. ಹಬ್ಬವನ್ನು ಮುಚ್ಚಿಟ್ಟರೆ ಹೇಗೆ ಕಲಿಯುತ್ತಾರೆ?”

“ಕಲಿಯದೆ ಸತ್ತರೆ ಮಣ್ಣು ಮಾಡಲು ನೀವು ಬರುತ್ತೀರಿ ಫಾದರ್. ಮರುದಿನದಿಂದ ಇಲ್ಲಿರುವವಳು ನಾನು.”

ಪಾದ್ರಿಗಳ ಎದುರು ಅಮ್ಮ ದನಿ ಏರಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಗ ಅಪ್ಪ ಎದ್ದು ಹೋಗಿ ತಾನೇ ಬಟ್ಟೆ ಬಿಚ್ಚಿದ, ಮಡಿಸಿ ಅಮ್ಮನ ಕೈಗೆ ಕೊಟ್ಟ. “ಭಾನುವಾರ ಹಬ್ಬದ ಅಡುಗೆ ಮಾಡು,” ಎಂದ.

ಮಾಡಿದಳು. ಹಬ್ಬಕ್ಕೆಂದು ಹಬೆಯಲ್ಲಿ ಬೇಯಿಸುವ ಸನ್ನ ಉಬ್ಬಬೇಕಾದರೆ ಹಿಟ್ಟಿಗೆ ಕಳ್ಳು ಬೇಕು. ಅಮ್ಮ ಕಳ್ಳನ್ನು ಮನೆಯೊಳಗೆ ತರಲಿಲ್ಲ, ಸನ್ನ ಕಲ್ಲಿನಂತಾಯಿತು. ಬಡಿಸುತ್ತಿರುವಾಗಲೇ ಅಪ್ಪನ ಹಳೆಯ ಸಂಗಾತಿ, ಅವನು ಕೆಲಸ ಮಾಡುವ ದಕ್ಕೆಯಲ್ಲೇ ದೋಣಿ ನಿಲ್ಲಿಸುವವನು, ಒಳಗೆ ಬಂದ. ಅವನು ಹಿಂದೂ. ವ್ರತ ಮುಗಿಸಿದ ಗೆಳೆಯನಿಗೆ ಪ್ರತಿ ಈಸ್ಟರ್‌ಗೂ ಬಾಟಲಿ ತಂದುಕೊಡುವುದು ಅವನ ಮಟ್ಟಿಗೆ ಮರ್ಯಾದೆ. ಆ ಸಲ ಮೀನು ಹಿಡಿಯಲು ಹೋಗಿದ್ದವನು ವಾರ ತಡವಾಗಿ ಬಂದಿದ್ದ. ಪೇಪರು ಸುತ್ತಿದ ಬಾಟಲಿಯನ್ನು ಮೇಜಿನ ಮೇಲೆ ಇಟ್ಟ.

ಅಮ್ಮ ಸೌಟು ಹಿಡಿದು ನಿಂತಲ್ಲೇ ನಿಂತಳು. ಅಪ್ಪನ ಕಣ್ಣು ಬಾಟಲಿಯಿಂದ ಕದಲಲಿಲ್ಲ. ಎದ್ದು ಅದನ್ನು ಹೊರಗೆ ಎಸೆಯಬೇಕೆನಿಸಿತು ನನಗೆ.

“ಎಂತ ಮಾರಾಯ, ವ್ರತ ಮುಗೀತಲ್ಲ,” ಎಂದ ಅವನು.

“ಡಾಕ್ಟರು ಬ್ಯಾಡ ಹೇಳಿದ್ರು,” ಅಮ್ಮ ಅವಸರದಲ್ಲಿ ಹೇಳಿದಳು.

“ಡಾಕ್ಟರು ಹಾಂಗೇ ಹೇಳ್ತ್ರು ಅಕ್ಕಾ. ಹಬ್ಬಕ್ಕೆ ಒಂದು ಗುಟುಕು ಕುಡುದ್ರೆ ಎಂತ ಆತು?”

ಅಪ್ಪ ಕೈಯೆತ್ತಿ ಇಬ್ಬರನ್ನೂ ತಡೆದ.

“ಡಾಕ್ಟರ ಮಾತಲ್ಲ ಮಾರಾಯ. ವ್ರತಾನೂ ಅಲ್ಲ. ನಂಗೆ ಒಂದು ಗುಟುಕಿಗೆ ನಿಲ್ಲಿಸೂಕೆ ಬರೂದಿಲ್ಲ. ಯಾವತ್ತೂ ಬರ್ಲಿಲ್ಲ. ಇದನ್ನ ತಕಂಡು ಹೋಗು. ಈಗ್ಲೇ ಹೋಗು, ನಾನು ಬ್ಯಾಡ ಹೇಳ್ತಾ ಇರೂ ಹೊತ್ತಿಗೇ.”

ತಪಸ್ಸುಕಾಲದಲ್ಲಿ ಅಪ್ಪ ಎಂಥೆಂಥ ಪ್ರಾರ್ಥನೆಗಳನ್ನು ಹೇಳಿದ್ದ, ಎಷ್ಟು ಸಲ ಎದೆ ಬಡಿದುಕೊಂಡಿದ್ದ. ಈ ಮಾತನ್ನು ಮಾತ್ರ ಯಾರೆದುರೂ ಹೇಳಿರಲಿಲ್ಲ. ಸಂಗಾತಿಯ ಮುಖ ಸಣ್ಣದಾಯಿತು. ಬಾಟಲಿಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ.

ಅವನು ಹೋದ ಮೇಲೂ ಅಪ್ಪ ದಾರಿಯನ್ನೇ ನೋಡುತ್ತಿದ್ದ. ಅಂಗಿಯೆಲ್ಲ ಬೆವರಿಗೆ ನೆನೆದು ಬೆನ್ನಿಗೆ ಅಂಟಿತ್ತು. ಅಮ್ಮ ಸೌಟು ಇಟ್ಟು, ಬಾಗಿಲ ಅಗಳಿ ಹಾಕಲು ಓಡಿದಳು.

“ತೆರೆದೇ ಇರಲಿ,” ಎಂದ ಅಪ್ಪ. “ನೀನು ಬಂದು ನನ್ನ ಹತ್ತಿರ ಕೂತುಕೋ.”