ನೆದೇಲ್ಯಾ ಅಂದರೆ ವಾರ, ನ್ಯಾಜೇಲ್ಯಾ ಅಂದರೆ ಭಾನುವಾರ

ಹೋದ ವರ್ಷ ಬೇಸಿಗೆಯ ಒಂದು ಭಾನುವಾರ, ಮಧುಗಿರಿಯ ಅಣ್ಣನ ಮನೆಯಲ್ಲಿ ಅವನ ಮಗಳಿಗೆ ಕಾಫಿ ಲೋಟ ಕೊಟ್ಟೆ. ಅವಳು ಅದನ್ನು ತೆಗೆದುಕೊಂಡು, ಬೀಗುತ್ತಾ, "ಜ್ಯಾಕುಯ್, ಅತ್ತೆ" ಎಂದಳು.

ನನಗೆ ತಲೆ ಧಿಮ್ಮೆಂದಿತು. ಇನ್ನೆರಡು ತಿಂಗಳಿಗೆ ಅವಳು ವೈದ್ಯಕೀಯ ಓದಲು ಬೆಲಾರೂಸ್ ದೇಶದ ಮಿನ್ಸ್ಕ್ ನಗರಕ್ಕೆ ಹೊರಡುವವಳಿದ್ದಳು. ನಾನೂ ಅದೇ ಊರಿನಲ್ಲಿ ಆರು ವರ್ಷ ಓದಿ ಬಂದವಳು. ಈಗ ಸಿರಾದ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರು. ಅಲ್ಲಿ ಪಾಠ, ಆಸ್ಪತ್ರೆ, ಅಂಗಡಿ ಎಲ್ಲ ರಷ್ಯನ್ ಭಾಷೆಯಲ್ಲೇ. ರಷ್ಯನ್ನಿನಲ್ಲಿ ಧನ್ಯವಾದಕ್ಕೆ 'ಸ್ಪಸೀಬ' ಅನ್ನುತ್ತಾರೆ. 'ಜ್ಯಾಕುಯ್' ಅನ್ನುವುದು ಬೆಲಾರೂಸಿಯನ್.

"ಇದನ್ನ ಯಾರೇ ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ ಅತ್ತೆ. ಮೊಬೈಲ್ ನೋಡ್ಕಂಡು ನಾನೇ ಕಲ್ತೆ. ಮೂರು ತಿಂಗಳಾಯ್ತು." ಇನ್ನೂರು ಪುಟದ ನೋಟ್‌ಬುಕ್ಕನ್ನು ಮುಂದೆ ಹಿಡಿದಳು. ಮುಕ್ಕಾಲು ಭಾಗ ತುಂಬಿತ್ತು. ಅಷ್ಟೂ ತಪ್ಪು ಭಾಷೆ.

ಅಣ್ಣ ಹೈಸ್ಕೂಲ್ ಮೇಷ್ಟ್ರು. ತಪ್ಪೊಪ್ಪಿಕೊಳ್ಳುವುದು ಅವನ ಜಾಯಮಾನದಲ್ಲೇ ಇಲ್ಲ. "ಬೆಲಾರೂಸ್‌ಗೆ ತಾನೇ ಹೋಗ್ತಿರೋದು? ಅಂಗಾರೆ ಬೆಲಾರೂಸ್ ಭಾಷೆ ತಾನೇ ಕಲೀಬೇಕು? ನಾನೇ ಹೇಳ್ದೆ ಕಲಿ ಅಂತ" ಎಂದ.

"ಅಲ್ಲಣ್ಣ, ಪೇಟೇಲಿ ಅದನ್ನ ಮಾತಾಡೋರು ಕಮ್ಮಿ. ಬೋರ್ಡಲ್ಲಿ ಇರ್ತದೆ, ಹಳ್ಳಿ ಅಜ್ಜಿಯರ ಬಾಯಲ್ಲಿ ಇರ್ತದೆ, ಅಷ್ಟೇ."

"ಎರಡೂ ಒಂದೇ ಅಂತಾರಲ್ಲ ಮತ್ತೆ? ನಮ್ ಮಧುಗಿರಿ ಮಾತಿಗೂ ಧಾರವಾಡದ ಮಾತಿಗೂ ಇರೋ ಅಷ್ಟು ಫರಕು."

"ಅಷ್ಟೇ ಅಲ್ಲ. ಬೇರೆ ಬೇರೆ ಭಾಷೇನೇ."

"ಅಂಗಾರೆ ಕನ್ನಡ, ತೆಲುಗು ಇದ್ದಂಗೆ ಅನ್ನು."

"ಅಷ್ಟು ದೂರಾನೂ ಅಲ್ಲ!"

"ಏನೋ ಒಂದು ಸರಿಯಾಗಿ ಹೇಳಮ್ಮ ಅತ್ಲಾಗೆ. ಆರು ವರ್ಷ ಏನು ಕಲ್ತ್ಕಂಡು ಬಂದೆ?"

ಪಾವಗಡದ ಕಡೆಯಿಂದ ಬಂದ ಅತ್ತಿಗೆ ಒಗ್ಗರಣೆ ಹಾಕುತ್ತಲೇ ಅಡುಗೆಮನೆಯಿಂದ ಹೇಳಿದರು: "ಇದ್ರಾಗೇನೈತೆ? ನಮ್ಮೂರಾಗೆ ಮನೇಲಿ ತೆಲುಗು, ಕಚೇರೀಲಿ ಕನ್ನಡ. ಅಂಗೇ ಅಲ್ವಾ?" ಅಲ್ಲಿ ಕಚೇರಿಯಲ್ಲಿ ಪಕ್ಕದ ದೇಶದ ಭಾಷೆ, ಹಳ್ಳಿಮನೆಯಲ್ಲಿ ಸ್ವಂತ ನಾಡಿನದು, ಹೆಚ್ಚುಕಮ್ಮಿ ತಿರುಗಾಮುರುಗಾ ಎಂದು ವಿವರಿಸಲು ಹೋಗಿ ನಾನೇ ಗೊಂದಲಕ್ಕೆ ಬಿದ್ದೆ.

ಅಂದಿನಿಂದ ಪ್ರತಿ ಭಾನುವಾರ ಸಿರಾದಿಂದ ಬಸ್ಸು ಹತ್ತಿ ಮಧುಗಿರಿಗೆ ಹೋಗಿ ರಷ್ಯನ್ ಪಾಠ ಶುರು ಮಾಡಿದೆ. ವಾರಕ್ಕೆ ಸಿಗುವ ಒಂದೇ ರಜೆ ಹೀಗೆ ಹೋಯಿತು. ಹುಡುಗಿ ಮಂಕಲ್ಲ, ಅದೇ ತೊಂದರೆ. ಕಲಿತದ್ದನ್ನು ಬಿಡಿಸುವುದಿದೆಯಲ್ಲ, ಅದು ಕಲಿಸುವುದಕ್ಕಿಂತ ಕಷ್ಟ. ಹಾಲಿಗೆ ಎರಡು ಭಾಷೆಯಲ್ಲೂ 'ಮಲಕೋ' ಅಂತಲೇ ಅನ್ನುತ್ತಾರೆ. ಬೆಲಾರೂಸಿಯನ್ನಿನಲ್ಲಿ ಅಂದಂತೆಯೇ ಬರೆಯುತ್ತಾರೆ. ರಷ್ಯನ್ನಿನಲ್ಲಿ ಮಾತ್ರ 'ಮೊಲೊಕೊ' ಎಂದು ಬರೆದು 'ಮಲಕೋ' ಎಂದು ಓದಬೇಕು.

"ಯಾಕತ್ತೆ? ಬೆಲಾರೂಸಿಯನ್ನೇ ಸುಲಭ ಅಲ್ವಾ?"

"ಸುಲಭ ಕಣೇ. ಆದ್ರೆ ಪರೀಕ್ಷೆ ಅದರಲ್ಲಿಲ್ಲ."

ತಿಂಗಳುಗಳ ಹೆಸರಿಗೆ ಬಂದಾಗ ಇನ್ನೂ ರಗಳೆ. ನವೆಂಬರಿಗೆ ರಷ್ಯನ್ನಿನಲ್ಲಿ 'ನಯಾಬ್ರ್' ಎನ್ನುತ್ತಾರೆ, ಹೇಗೋ ನೆನಪಿಟ್ಟುಕೊಳ್ಳಬಹುದು. ಅವಳ ಬಾಯಲ್ಲಿ ಬರುತ್ತಿದ್ದದ್ದು 'ಲಿಸ್ತಾಪಾದ್', ಎಲೆ ಉದುರುವ ತಿಂಗಳು. "ಎಷ್ಟು ಚೆನ್ನಾಗೈತೆ ನೋಡತ್ತೆ" ಎಂದು ನನಗೇ ಬುದ್ಧಿ ಹೇಳುತ್ತಿದ್ದಳು. 'ದಿವಾನ್' ಪದ ಬಂದ ದಿನ ಅಣ್ಣನೂ ಬಾಯಿ ಹಾಕಿದ. ರಷ್ಯನ್ನಿನಲ್ಲಿ ಅದು ಸೋಫಾ, ಬೆಲಾರೂಸಿಯನ್ನಿನಲ್ಲಿ 'ದಿವಾನ್' ಅಂದರೆ ನೆಲಕ್ಕೆ ಹಾಸುವ ಜಮಖಾನ. ಅಣ್ಣ ತಾನು ಕೂತಿದ್ದ ಮಂಚವನ್ನು ತಟ್ಟಿ, "ನಮ್ದು ಇದು" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಆರನೆಯ ಭಾನುವಾರ ಅವಳು 'ವಾರ' ಎಂದು ಬರೆಯಬೇಕಾದಲ್ಲಿ ಮತ್ತೆ ಬೆಲಾರೂಸಿಯನ್ನಿನ 'ತಿಜೆನ್' ಪದವನ್ನೇ ಬರೆದಳು. ನಾನು ನೋಟ್‌ಬುಕ್ಕನ್ನು ಪಟ್ಟನೆ ಮುಚ್ಚಿದೆ. ಯಾರಿಗೂ ಹೇಳದ ಒಂದು ಸಂಗತಿಯನ್ನು, ಬೈಯುವ ದನಿಯಲ್ಲೇ, ಹೇಳಿಬಿಟ್ಟೆ.

ನಾನಿದ್ದ ಹಾಸ್ಟೆಲಿನಲ್ಲಿ ನೆಲ ಒರೆಸಲು ಹಳ್ಳಿಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಮೊದಲ ಚಳಿಗಾಲದಲ್ಲಿ ನನಗೆ ಉಣ್ಣೆಯ ಕಾಲುಚೀಲ ಹೆಣೆದುಕೊಟ್ಟವರು. ನನ್ನೊಂದಿಗೆ ಯಾವಾಗಲೂ ರಷ್ಯನ್ನಿನಲ್ಲೇ ಮಾತು. ಒಂದು ಬುಧವಾರ ಮಾತ್ರ, ಮನೆಗೆ ಕರೆಯುವಾಗ, ತಮ್ಮ ಮನೆಮಾತಿನಲ್ಲಿ ಕರೆದರು: 'ನ್ಯಾಜೇಲ್ಯಾ'ಕ್ಕೆ ಬಾ ಎಂದು. ಬಸ್ಸಿನ ನಂಬರನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ರಷ್ಯನ್ನಿನ 'ನೆದೇಲ್ಯಾ' ಅಂದರೆ ವಾರ. ಒಂದು ವಾರ ಬಿಟ್ಟು ಬಾ ಅಂದರು ಎಂದುಕೊಂಡೆ. ಅವರ ಭಾಷೆಯಲ್ಲಿ ಅದು ಭಾನುವಾರ.

ಸೋಮವಾರ ಅವರು ನನ್ನ ಮುಖ ನೋಡದೆ ನೆಲ ಒರೆಸಿ ಹೋದರು. ಮೈ ಹುಷಾರಿಲ್ಲವೇನೋ ಎಂದುಕೊಂಡೆ. ಬುಧವಾರ ನಾನು ಒಳ್ಳೆಯ ಸ್ವೆಟರ್ ಹಾಕಿಕೊಂಡು, "ಇವತ್ತು ನಿಮ್ಮನೆಗೆ ಹೋಗೋಣವಾ?" ಎಂದು ಕೇಳಿದೆ. ಅಜ್ಜಿ ಬಕೆಟ್ ಕೆಳಗಿಟ್ಟು ನನ್ನನ್ನೇ ನೋಡಿದರು. ಪಕ್ಕದ ಕೋಣೆಯ ಆ ದೇಶದ ಹುಡುಗಿ ಬಂದು ವಿಷಯ ಬಿಡಿಸಿ ಹೇಳಿದಳು. ಆಲೂಗಡ್ಡೆ ತುರಿದು ದೋಸೆ ಹುಯ್ದಿಟ್ಟು, ಭಾನುವಾರ ಹಿಮದಲ್ಲಿ ನಿಂತು ಮೂರು ಬಸ್ಸು ಕಾದರಂತೆ. ಅಜ್ಜಿ ನನ್ನ ಬೆನ್ನು ತಟ್ಟಿ, ಪರವಾಗಿಲ್ಲ ಅಂದರು. ಮತ್ತೆ ಯಾವತ್ತೂ ಕರೆಯಲಿಲ್ಲ.

"ಗೊತ್ತಾಯ್ತಾ, ಎರಡನ್ನೂ ಕಲಸಿದ್ರೆ ಏನಾಗ್ತದೆ ಅಂತ?" ಎಂದೆ.

ಹುಡುಗಿ ಮುಚ್ಚಿದ ನೋಟ್‌ಬುಕ್ಕನ್ನು ತನ್ನತ್ತ ಎಳೆದುಕೊಂಡಳು. "ಅತ್ತೆ, ನಿಂಗೆ ಬೆಲಾರೂಸಿಯನ್ ಬಂದಿದ್ರೆ ಆ ಅಜ್ಜಿ ಕಾಯ್ತಿರ್ಲಿಲ್ಲ ಅಲ್ವಾ?"

ಆರು ವರ್ಷ ಅದೇ ಊರಲ್ಲಿದ್ದೂ, ಮೆಟ್ರೋ ರೈಲಿನಲ್ಲಿ ದಿನಾ ಆ ಭಾಷೆಯಲ್ಲೇ ಕೂಗುವುದನ್ನು ಕೇಳಿಯೂ, ಪರೀಕ್ಷೆಗಿಲ್ಲವೆಂದು ಕಿವಿಗೆ ಹಾಕಿಕೊಳ್ಳದವಳು ನಾನು. ಅವಳ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ಅವತ್ತು ಪಾಠ ಮುಂದುವರಿಸದೆ ಬಸ್ಸು ಹತ್ತಿದೆ. ಮುಂದಿನ ಭಾನುವಾರದಿಂದ ಎರಡು ನೋಟ್‌ಬುಕ್ ಮಾಡಿಸಿದೆ, ಒಂದೊಂದು ಭಾಷೆಗೆ ಒಂದೊಂದು. ಎರಡನ್ನೂ ಅವಳು ಸೂಟ್‌ಕೇಸಿನಲ್ಲಿಟ್ಟುಕೊಂಡು ಹೋದಳು.

ಹೋಗಿ ಒಂದು ತಿಂಗಳಿಗೆ ಫೋನ್ ಮಾಡಿದಳು. ನಾನು ಅಣ್ಣನ ಮನೆಯಲ್ಲೇ ಇದ್ದೆ. ರಷ್ಯನ್ ಪಾಠ ಸಲೀಸಾಗಿ ನಡೆಯುತ್ತಿದೆಯಂತೆ. ಆದರೆ ಸಂತೆಯಲ್ಲಿ ತರಕಾರಿ ಮಾರುವ ಹಳ್ಳಿಯವರದ್ದು ಅದೂ ಅಲ್ಲ, ಇದೂ ಅಲ್ಲ. ಎರಡನ್ನೂ ಸೇರಿಸಿ ಮಾತಾಡುತ್ತಾರಂತೆ. ಅದಕ್ಕೆ ಹೆಸರೂ ಇದೆ, 'ತ್ರಸ್ಯಾಂಕ', ದನಕ್ಕೆ ಹಸಿಹುಲ್ಲು ಸಾಲದಾಗ ಒಣಹುಲ್ಲು ಬೆರೆಸಿ ಹಾಕುವ ಮೇವು.

"ನಮ್ ಪಾವಗಡದಂಗೆ!" ಎಂದು ಅತ್ತಿಗೆ ಫೋನಿನ ಹತ್ತಿರ ಬಂದು ಖುಷಿಯಿಂದ ಕೂಗಿದರು.

ಅಣ್ಣ ಕನ್ನಡಕ ತೆಗೆದು ನನ್ನತ್ತ ತಿರುಗಿದ. "ಮೂರನೇದೂ ಒಂದೈತೆ ಅಂತ ನೀನ್ಯಾಕೆ ಮೊದ್ಲೇ ಹೇಳ್ಲಿಲ್ಲ?"