ಒದ್ದೆ ಉಸುಕಿನಲ್ಲಿಟ್ಟ ಫಿರ್ನಿ

ಹೋದ ಭಾನುವಾರ ನೀರಿನಲ್ಲಿ ನೆನೆಹಾಕಿದ ಮಣ್ಣಿನ ಕುಡಿಕೆಗಳನ್ನು ತೆಗೆಯುವಾಗ ಆ ವಾಸನೆ ಬಂತು. ಹಸಿ ಮಣ್ಣಿನದು, ಅದರ ಬೆನ್ನಿಗೇ ಮಾಳಿಗೆಯಿಂದ ಇಳಿದ ಇದ್ದಿಲ ಹೊಗೆಯದು. ವಿಜಯಪುರದ ನಮ್ಮ ಮನೆಯ ಮಾಳಿಗೆ ಮೇಲೆ ಮಗ ಗೆಳೆಯರನ್ನು ಕರೆದು ಸಂಜೆ ಕೋಳಿ ಸುಡಲೆಂದು ಬೆಳಗ್ಗೆಯೇ ಇದ್ದಿಲು ಹೊತ್ತಿಸಿ ನೋಡುತ್ತಿದ್ದ. ಮಾಂಸದ ವಾಸನೆಯೂ ಆಗದ ನನ್ನ ಅತ್ತೆ ಇದ್ದಿದ್ದರೆ ಮನೆ ಎರಡಾಗುತ್ತಿತ್ತು! ಬೇಸಿಗೆಯಲ್ಲಿ ಸುಟ್ಟದ್ದು ತಿಂದ ಮೇಲೆ ಸಿಹಿ ಏನಿರಬೇಕೆಂದು ಸೊಸೆ ಮೂರು ದಿನ ಮೊಬೈಲಿನಲ್ಲಿ ಹುಡುಕಿದ್ದಳು. ಸುಟ್ಟ ಅನಾನಸ್, ಐಸ್‌ಕ್ರೀಮು, ಮಾವಿನ ಕೇಕು... ಕೊನೆಗೆ ಬೇಸತ್ತು, "ಅತ್ತಿ, ನಿಮ್ಮ ಫಿರ್ನೀನ ಮಾಡ್ರಿ" ಎಂದಳು.

ನಿಮ್ಮ ಫಿರ್ನಿಯಂತೆ. ಮದುವೆಯಾದಾಗಿನಿಂದ ಈ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದೇನೆ. ಅದು ನನ್ನದಲ್ಲ, ತಿಕೋಟಾದಲ್ಲಿ ನಮ್ಮ ತವರಿನ ಬಾಜೂಕಿದ್ದ ಮುಸಲ್ಮಾನರ ಮನೆಯ ಚಾಚಿಯದು.

ಚಾಚಿಯ ಮನೆಯವರದು ಒಣದ್ರಾಕ್ಷಿ ವ್ಯಾಪಾರ. ಬೇಸಿಗೆಯಲ್ಲಿ ದ್ರಾಕ್ಷಿ ಒಣಗಿಸುವ ಕೆಲಸ ಮುಗಿದ ಮೇಲೆ ಒಂದು ಸಂಜೆ ಅವರ ಹಿತ್ತಲಲ್ಲಿ ಇದ್ದಿಲ ಶೇಗಡಿ ಹೊತ್ತಿಸುತ್ತಿದ್ದರು. ಗೋಡೆಯ ಆಚೆ ಅವರಿಗೆ ಕಬಾಬು, ಈಚೆ ನಮಗೆ ಮೆಕ್ಕೆಜೋಳದ ತೆನೆ, ಬದನೆಕಾಯಿ. ಸಿಹಿ ಮಾತ್ರ ಎರಡೂ ಮನೆಗೆ ಒಂದೇ. ಅದಕ್ಕೆಂದು ಚಾಚಿ ಬೆಳಗ್ಗೆಯೇ ಸ್ನಾನ ಮಾಡಿ ನಮ್ಮ ಹಿತ್ತಲಿಗೆ ಬರುತ್ತಿದ್ದಳು. "ಅಕ್ಕಾರ, ನಿಮ್ಮ ಪಾತೇಲಿ ಕೊಡ್ರಿ" ಎಂದು ಅವ್ವನನ್ನು ಕೇಳುತ್ತಿದ್ದಳು. ಒಲೆ ನಮ್ಮದು, ಹಾಲು ನಮ್ಮ ಎಮ್ಮೆಯದು, ಸೌಟೂ ನಮ್ಮದೇ. ಅವರ ಮನೆಯ ಪಾತ್ರೆ ಗೋಡೆ ದಾಟುತ್ತಿರಲಿಲ್ಲ. ಹಾಗೆಂದು ನಾವು ಯಾರೂ ಹೇಳಿರಲಿಲ್ಲ, ಹೇಳುವ ಮುಂಚೆಯೇ ಆಕೆ ತಿಳಿದುಕೊಂಡಿದ್ದಳು.

ನೆನೆಸಿದ ಅಕ್ಕಿಯನ್ನು ತರಿತರಿಯಾಗಿ ಅರೆದು, ಕುದಿಯುವ ಹಾಲಿಗೆ ಹಾಕಿ ಕೈಬಿಡದೆ ತಿರುವುತ್ತಿದ್ದಳು. ಪ್ರತಿ ಕುಡಿಕೆಯ ತಳಕ್ಕೆ ನಾಲ್ಕು ಒಣದ್ರಾಕ್ಷಿ, ಮೇಲೆ ಫಿರ್ನಿ. ಆಮೇಲೆ ಸಂಜೆಯವರೆಗೆ ಅವನ್ನು ಒದ್ದೆ ಉಸುಕಿನಲ್ಲಿ ಇಡುವುದು. ಸಕ್ಕರೆ ಕಡಿಮೆ ಯಾಕೆಂದು ಕೇಳಿದರೆ, "ಬೆಂಕಿ ಮುಂದ ಕುಂತ ಮಂದಿಗೆ ಭಾಳ ಸೀ ಬ್ಯಾಡ ಮಗಳ, ತಣ್ಣಗಿರಬೇಕು ನೋಡು" ಎನ್ನುತ್ತಿದ್ದಳು.

ನನ್ನನ್ನು ನೋಡಲು ವಿಜಯಪುರದಿಂದ ಗಂಡಿನ ಕಡೆಯವರು ಬಂದದ್ದು ಅಂಥದೇ ಒಂದು ಸಂಜೆ. ನನಗೆ ಅದಾಗಲೇ ಎರಡು ಸಂಬಂಧ ತಪ್ಪಿದ್ದವು. ಇದೂ ತಪ್ಪಬಾರದೆಂದು ಚಾಚಿಯೇ ಮುಂದೆ ನಿಂತು ಫಿರ್ನಿ ಮಾಡಿಟ್ಟು, ಅವರು ಬರುವ ಮುಂಚೆ ತನ್ನ ಹಿತ್ತಲಿಗೆ ಹೋಗಿದ್ದಳು. ಒಳಗೆ ಧಗೆಯೆಂದು ಬಂದವರನ್ನು ಹಿತ್ತಲಲ್ಲೇ ಕೂರಿಸಿದೆವು. ಮುಂದೆ ನನ್ನ ಅತ್ತೆಯಾಗುವವಳು ಗೋಡೆಯಾಚೆ ನೋಡಿ, "ಬಾಜೂಕ ಅವರದಾರೇನು?" ಎಂದು ಮುಖ ಕಿವುಚಿದಳು.

ಎರಡು ಕುಡಿಕೆ ಖಾಲಿ ಮಾಡಿದ ಮೇಲೆ ಆಕೆಯೇ ಕೇಳಿದಳು, "ಯಾರ ಮಾಡ್ಯಾರವಾ ಇದನ್ನ?"

"ನಾನ ಮಾಡೇನ್ರಿ" ಎಂದೆ.

ಅವ್ವ ತಲೆ ತಗ್ಗಿಸಿದಳು. ಗೋಡೆಯಾಚೆ ಚಾಚಿ ನಿಂತಿದ್ದಳು. ತನ್ನ ಅಡುಗೆ ಯಾರಿಗೆ ಹೇಗೆ ಹಿಡಿಸಿತೆಂದು ನೋಡುವ ಆಸೆ ಯಾರಿಗಿಲ್ಲ... ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಂದವರ ಕಡೆ ತಿರುಗಿ, "ಹೌದ್ರಿ, ಆಕಿ ಕೈ ಭಾಳ ಚಲೋ ಐತ್ರಿ" ಎಂದು ಒಳಗೆ ಹೋದಳು.

ಸಂಬಂಧ ಕುದುರಿತು. ಚಾಚಿ ಮದುವೆಗೆ ಬಂದು ತಲೆ ಸವರಿ ಹೋದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಮರುವರ್ಷ ಬೇಸಿಗೆಗೆ ತವರಿಗೆ ಹೋದಾಗ ಅವ್ವ ಪಾತೇಲಿ ತಿಕ್ಕಿ ಒಲೆಯ ಹತ್ತಿರ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕಾದಳು. ಸಂಜೆ ಗೋಡೆಯಾಚೆ ಹೊಗೆ ಎದ್ದಿತೇ ಹೊರತು ಪಾತೇಲಿ ಕೇಳಲು ಯಾರೂ ಬರಲಿಲ್ಲ. "ಹೋಗಿ ಕರಿ ಹೋಗ. ನೀ ಕರದ್ರ ಬರ್ತಾಳ" ಎಂದಳು ಅವ್ವ. ನಾನು ಹೋಗಲಿಲ್ಲ. ನಿಜ ಗಂಡನ ಮನೆಯವರ ಕಿವಿಗೆ ಬಿದ್ದರೆ ಎಂಬ ಹೆದರಿಕೆ ಒಂದು ಕಡೆ, ಸೊಕ್ಕು ಒಂದು ಕಡೆ.

ಅತ್ತೆ ಸಾಯುವವರೆಗೂ ಬಂದವರ ಮುಂದೆಲ್ಲ ನನ್ನ ಫಿರ್ನಿಯನ್ನು ಹೊಗಳಿದಳು. ಚಾಚಿ ತೀರಿಹೋದ ಸುದ್ದಿ ಫೋನಿನಲ್ಲಿ ಬಂತು. ತಿಕೋಟಾದ ಬಸ್ಸು ನಮ್ಮ ಓಣಿಯ ಮುಂದೆಯೇ ಹಾಯುತ್ತದೆ. ಅದನ್ನೂ ಹತ್ತಲಿಲ್ಲ.

ಹೋದ ಭಾನುವಾರ ಸಂಜೆ ಮಾಳಿಗೆಯ ಮೇಲೆ ಸೊಸೆ ಕುಡಿಕೆ ಹಂಚುತ್ತ, "ನಮ್ಮ ಅತ್ತೀಯವರ ಕೈದು, ತಿಂದು ನೋಡ್ರಿ" ಎಂದಳು. ನನಗೆ ತಡೆಯಲಾಗಲಿಲ್ಲ. "ಇದು ನಂದಲ್ಲ. ತಿಕೋಟಾದಾಗ ಬಾಜೂ ಮನಿ ಚಾಚಿ ಮಾಡತಿದ್ಲು. ನನ್ನ ನೋಡಾಕ ಬಂದಾಗ ನಾ ಮಾಡೇನಿ ಅಂತ ಸುಳ್ಳ ಹೇಳಿದ್ದೆ" ಎಂದೆ.

"ಹೌದೇನ್ರಿ? ಭಾಳ ಚಲೋ ಆಗೇತಿ" ಎಂದು ಮಗನ ಗೆಳೆಯನೊಬ್ಬ ನಕ್ಕು ಇನ್ನೊಂದು ಕುಡಿಕೆ ಎತ್ತಿಕೊಂಡ. ಯಾರೂ ಮುಖ ಕಿವುಚಲಿಲ್ಲ. ಮಗ ಆಗಲೇ ಇದ್ದಿಲು ಕೆದಕುತ್ತ ಬೇರೆ ಮಾತಿಗೆ ಹೋಗಿದ್ದ.

ನಾನೂ ಒಂದು ಕುಡಿಕೆ ಹಿಡಿದು ಮೂಲೆಯಲ್ಲಿ ಕುಳಿತೆ. ತಳ ಕೆರೆದಾಗ ನಾಲ್ಕು ದ್ರಾಕ್ಷಿ ಸಿಕ್ಕವು. ಇಷ್ಟು ಹಗುರಾದ ಮಾತನ್ನು ಅಂದು ಗೋಡೆಯ ಹತ್ತಿರ ಹೋಗಿ ಚಾಚಿಯೊಬ್ಬಳಿಗೆ ಹೇಳಬೇಕಿತ್ತು. ಈಗ ಎಲ್ಲರೂ ಕೇಳಿದರು, ಆಕೆಯೊಬ್ಬಳನ್ನು ಬಿಟ್ಟು.